ಆರಂಭದ ಅಧಿಕಾರ

ಗುರಿಯನ್ನು ಕುರಿತು ಧರ್ಮಗ್ರಂಥಗಳು ಬಹಳವಾಗಿ ಹೇಳಿವೆ. ಮಾರ್ಗವನ್ನು ಕುರಿತು ಅದಕ್ಕಿಂತಲೂ ಹೆಚ್ಚಾಗಿ ಹೇಳಿವೆ. ಆದರೆ ಅದುವರೆಗೆ ನಿಶ್ಚಲನಾಗಿದ್ದವನು ಮೊಟ್ಟಮೊದಲು ಚಲಿಸತೊಡಗುವ ಅಲ್ಪಕಾಲದಲ್ಲಿ ಅವನೊಳಗೆ ಏನು ನಡೆಯುತ್ತದೆ, ಆ ಚಲನೆಯ ಬೆಲೆಯನ್ನು ತೆರುವವರು ಯಾರು, ಎಲ್ಲರಿಗೂ ಒಂದೇ ವಿಧವಾದ ಆರಂಭ ಸಲ್ಲುವುದೆ ಅಥವಾ ಒಬ್ಬೊಬ್ಬನಿಗೆ ಒಂದೊಂದು ವಿಧ ಬೇಕಾಗುವುದೆ ಎಂಬ ಪ್ರಶ್ನೆಗಳನ್ನು ನಮ್ಮ ಶಾಸ್ತ್ರಕಾರರು ಅಧಿಕಾರವಿಚಾರವೆಂಬ ಹೆಸರಿನಲ್ಲಿ ಗ್ರಂಥದ ಹೊಸ್ತಿಲಲ್ಲಿಯೇ ಎತ್ತಿದ್ದರೂ, ಓದುಗರಲ್ಲಿ ಬಹುಮಂದಿ ಒಳಗಿನ ವೈಭವವನ್ನು ಕಾಣುವ ಆತುರದಲ್ಲಿ ಆ ಹೊಸ್ತಿಲನ್ನು ಗಮನಿಸದೆ ದಾಟಿಬಿಡುತ್ತಾರೆ. ಗಮನಿಸಿದವರಲ್ಲಿಯೂ ಕೆಲವರು ಅದನ್ನು ಇತರರನ್ನು ಹೊರಗಿಡುವ ಅಗುಳಿಯನ್ನಾಗಿ ಮಾಡಿಕೊಂಡರು. ಈ ಎರಡು ಅನ್ಯಾಯಗಳಿಂದಲೂ ಆ ಪ್ರಶ್ನೆಯನ್ನು ಬಿಡಿಸಿ ನೋಡಬೇಕೆಂಬ ಅಪೇಕ್ಷೆಯಿಂದ ಅದನ್ನು ನಾನು ಕಾರ್ಖಾನೆಯ ಒಳಕ್ಕೆ ಒಯ್ಯುತ್ತಿದ್ದೇನೆ. ಏಕೆಂದರೆ ದೊಡ್ಡದೊಂದು ವಿದ್ಯುತ್ ಮೋಟಾರಿಗೆ ತಕ್ಕ ಸ್ಟಾರ್ಟರನ್ನು ಆರಿಸುವವನಿಗೆ ಇದೇ ಪ್ರಶ್ನೆ ಕಬ್ಬಿಣ ತಾಮ್ರಗಳ ರೂಪದಲ್ಲಿ ಎದುರಾಗುತ್ತದೆ. ಅವನು ತಪ್ಪು ಉತ್ತರವನ್ನು ಕೊಟ್ಟರೆ ಸುಟ್ಟ ವಾರ್ನಿಷಿನ ವಾಸನೆ ಅದನ್ನು ಕೂಡಲೇ ತಿಳಿಸಿಬಿಡುತ್ತದೆ.

ಈಗ ಎಲ್ಲೆಲ್ಲಿಯೂ ದುಡಿಯುತ್ತಿರುವ ಇಂಡಕ್ಷನ್ ಮೋಟಾರಿನ ಮೂಲತತ್ತ್ವವಾದ ಪರಿಭ್ರಮಿಸುವ ಕಾಂತಕ್ಷೇತ್ರವನ್ನು ಇಟಲಿಯ ಟ್ಯೂರಿನ್ ನಗರದಲ್ಲಿ ಗೆಲಿಲಿಯೋ ಫೆರಾರಿಸನು 1885ರಲ್ಲಿ ಪ್ರಯೋಗದಿಂದ ತೋರಿಸಿದನು. 1888ರಲ್ಲಿ ನಿಕೋಲಾ ಟೆಸ್ಲಾ ಅಮೆರಿಕದಲ್ಲಿ ಪೇಟೆಂಟುಗಳನ್ನು ಪಡೆದನು. ಮರುವರ್ಷ ಜರ್ಮನಿಯಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ಅದಕ್ಕೆ ಮೂರು ಫೇಸುಗಳ, ಪಂಜರದಾಕಾರದ ರೋಟರಿನ ಇಂದಿನ ರೂಪವನ್ನು ಕೊಟ್ಟನು. 1902ರಲ್ಲಿ ಶಿವನಸಮುದ್ರದ ಕಾವೇರಿಯ ಶಕ್ತಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದುದು ಅದಾದ ಮೂರು ವರ್ಷಕ್ಕೆ. ನಮ್ಮ ನಾಡಿಗೆ ಆ ಶಕ್ತಿ ಬೆಳಗುವುದಕ್ಕಿಂತ ಮೊದಲು ತಿರುಗಿಸುವುದಕ್ಕಾಗಿ ಬಂದಿತೆಂಬುದು ನೆನಪಿಡತಕ್ಕ ಸಂಗತಿ.

ಈ ಮೋಟಾರಿನಲ್ಲಿ ಹೊರಗಿನ ಸ್ಟೇಟರಿಗೆ ವಿದ್ಯುತ್ತನ್ನು ಕೊಟ್ಟ ಕ್ಷಣದಲ್ಲಿಯೇ ಕಾಂತಕ್ಷೇತ್ರ ತನ್ನ ಪೂರ್ಣವೇಗದಿಂದ, ಅಂದರೆ ನಾಲ್ಕು ಧ್ರುವಗಳ ಯಂತ್ರದಲ್ಲಿ ನಿಮಿಷಕ್ಕೆ 1500 ಸುತ್ತಿನಂತೆ, ತಿರುಗತೊಡಗುತ್ತದೆ. ಒಳಗಿನ ರೋಟರು ಮಾತ್ರ ಇನ್ನೂ ನಿಂತೇ ಇರುತ್ತದೆ. ಕರೆಯುವುದಕ್ಕೂ ಕರೆಯಲ್ಪಟ್ಟುದಕ್ಕೂ ನಡುವಣ ಈ ಅಂತರ ಅತಿಶಯವಾಗಿರುವಾಗ ರೋಟರಿನ ಸರಳುಗಳಲ್ಲಿ ಅತಿಶಯವಾದ ಪ್ರವಾಹ ಹುಟ್ಟುತ್ತದೆ; ಅದನ್ನು ಪೂರೈಸಲು ಮೋಟಾರು ತಂತಿಯಿಂದ ತನ್ನ ನಿಯತವಾದ ಪ್ರವಾಹದ ಆರು ಏಳು ಪಟ್ಟನ್ನು ಸೆಳೆದುಕೊಳ್ಳುತ್ತದೆ. 15 ಅಶ್ವಶಕ್ತಿಯ, 415 ವೋಲ್ಟಿನ ಮೋಟಾರು ಪೂರ್ಣಭಾರದಲ್ಲಿ ಓಡುವಾಗ ಸುಮಾರು 21 ಆಂಪಿಯರುಗಳನ್ನು ಬಯಸುವುದಾದರೆ ಹೊರಡುವಾಗ 120 ಆಂಪಿಯರುಗಳನ್ನು ಮೀರಿ ಬಯಸುತ್ತದೆ. ರೋಟರಿನ ವೇಗ ಏರಿದಂತೆಲ್ಲ ಅಂತರ ಕುಗ್ಗಿ, ಆ ಹಸಿವು ತಾನಾಗಿ ಇಳಿಯುತ್ತದೆ. ಅದನ್ನು ಶಾಂತಗೊಳಿಸಲು ಚಲನೆಯೇ ಸಾಕು; ಹೊರಗಿನಿಂದ ಮತ್ತಾವ ನಿಗ್ರಹವೂ ಬೇಕಾಗುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಮನನ ಮಾಡಬೇಕು. ಹೊರಡುವ ಕ್ಷಣದ ಆ ಮಹಾಪ್ರವಾಹಕ್ಕೆ ಯಂತ್ರದ ಮೇಲಿರುವ ಭಾರವೇ ಕಾರಣವೆಂದು ಸಾಮಾನ್ಯವಾಗಿ ಜನ ಭಾವಿಸುತ್ತಾರೆ, ಅದು ಹಾಗಲ್ಲ. ಅಚ್ಚಿಗೆ ಏನನ್ನೂ ಕಟ್ಟದೆ ಬರಿದೆ ನಿಲ್ಲಿಸಿದ ಮೋಟಾರೂ, ಕಲ್ಲು ತುಂಬಿದ ಕ್ರಷರಿಗೆ ಬಿಗಿದ ಅದೇ ಮೋಟಾರೂ ಮೊದಲ ಕ್ಷಣದಲ್ಲಿ ಸೆಳೆಯುವ ಪ್ರವಾಹ ಒಂದೇ. ಭಾರವು ನಿರ್ಣಯಿಸುವುದು ಆ ಪ್ರವಾಹದ ಪ್ರಮಾಣವನ್ನಲ್ಲ, ಅದು ಎಷ್ಟು ಹೊತ್ತು ಮುಂದುವರಿಯುತ್ತದೆ ಎಂಬುದನ್ನು. ಎಂದಮೇಲೆ ಆರಂಭದ ಉಗ್ರತೆ ಹುಟ್ಟಿದುದು ಹೊರೆಯಿಂದಲ್ಲ, ನಿಶ್ಚಲತೆಯಿಂದ. ಭಗವದ್ಗೀತೆಯ ಕೊನೆಯ ಅಧ್ಯಾಯದಲ್ಲಿ ಸಮಸ್ತ ಆರಂಭಗಳಿಗೂ ದೋಷದ ಆವರಣ ಉಂಟೆಂಬ ಮಾತು ಬರುತ್ತದೆ. ಅದನ್ನು ಓದಿದವರು ಆ ದೋಷವನ್ನು ಕರ್ಮದ ವಿಷಯದಲ್ಲಿ ಹುಡುಕುತ್ತಾರೆ, ಕರ್ತೃವಿನ ಸಂಕಲ್ಪದಲ್ಲಿ ಹುಡುಕುತ್ತಾರೆ. ವಿಷಯವೂ ಸಂಕಲ್ಪವೂ ಶುದ್ಧವಾಗಿರುವಾಗಲೂ, ನಿಂತದ್ದು ಹೊರಡುತ್ತಿದೆ ಎಂಬ ಒಂದೇ ಕಾರಣದಿಂದ ಒಂದಷ್ಟು ಹೊಗೆ ಏಳುವುದು ಅನಿವಾರ್ಯವೆಂಬ ಅರ್ಥವೂ ಅದಕ್ಕೆ ಸಲ್ಲುತ್ತದೆಂದು ನನಗೆ ತೋರುತ್ತದೆ. ಹೊಸದಾಗಿ ಸಾಧನೆಗೆ ತೊಡಗಿದವನು ತನ್ನ ಮನಸ್ಸು ಹಿಂದೆಂದೂ ಇಲ್ಲದಷ್ಟು ಕ್ಷೋಭೆಗೊಂಡುದನ್ನು ಕಂಡು, ತಾನು ಅಯೋಗ್ಯನೆಂದು ತೀರ್ಮಾನಿಸಿ ಹಿಂದಿರುಗುವುದುಂಟು. ಅವನಿಗೆ ಈ ಸಂಗತಿಯನ್ನು ಹೇಳುವವರು ಬೇಕು.

ಹಾಗಾದರೆ ಆ ಉಗ್ರತೆಯನ್ನು ಇದ್ದಂತೆಯೇ ಬಿಡಬಹುದಲ್ಲವೆ? ಬಿಡುವುದೂ ಒಂದು ಕ್ರಮವೇ. ನೇರವಾಗಿ ಪೂರ್ಣ ವೋಲ್ಟೇಜನ್ನು ಕೊಡುವ ಡೈರೆಕ್ಟ್ ಆನ್ ಲೈನ್ ಸ್ಟಾರ್ಟರು, ಕೆಲಸಗಾರರ ಮಾತಿನ ಡಿ.ಓ.ಎಲ್., ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಬಲವತ್ತರ. ಮೋಟಾರಿನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಅಂಥ ದೋಷವೂ ಕಾಣದು. ಸರಿಯಾಗಿ ನಿರ್ಮಿಸಿದ ಪಂಜರ ಮೋಟಾರು ಆ ಆಘಾತವನ್ನು ತಾಳಿಕೊಳ್ಳುವಂತೆಯೇ ಹುಟ್ಟಿರುತ್ತದೆ. ಆಕ್ಷೇಪ ಬರುವುದು ಬೇರೆ ಕಡೆಯಿಂದ. ವಿದ್ಯುತ್ತಿನ ಮೂಲ ಆ ಮೋಟಾರೊಂದರ ಸ್ವತ್ತಲ್ಲ. ಅದೇ ಟ್ರಾನ್ಸ್‌ಫಾರ್ಮರಿನ ಕೆಳಗೆ ಇತರ ಮೋಟಾರುಗಳಿವೆ, ಮಕ್ಕಳು ಓದುತ್ತಿರುವ ಮನೆಯ ದೀಪಗಳಿವೆ. ದುರ್ಬಲವಾದ ಮೂಲದ ಮೇಲೆ ದೊಡ್ಡ ಮೋಟಾರನ್ನು ಒಮ್ಮೆಲೆ ಹೊರಡಿಸಿದರೆ ವೋಲ್ಟೇಜು ಕುಸಿಯುತ್ತದೆ, ದೀಪಗಳು ಮಂಕಾಗುತ್ತವೆ, ನೆರೆಯ ಯಂತ್ರಗಳ ಬಲ ಉಡುಗುತ್ತದೆ. ತಿರುಗುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾದುದರಿಂದ ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ಬಲ 64ಕ್ಕೆ ಇಳಿಯುತ್ತದೆ. ಆತುರಪಟ್ಟ ಮೋಟಾರು ಇತರರನ್ನು ಕುಗ್ಗಿಸುವುದರ ಜೊತೆಗೆ ತನ್ನನ್ನೂ ಕುಗ್ಗಿಸಿಕೊಳ್ಳುತ್ತದೆ. ಮನುಷ್ಯನು ಋಣಗಳೊಡನೆಯೇ ಹುಟ್ಟುತ್ತಾನೆಂದು ನಮ್ಮ ಹಿರಿಯರು ಹೇಳಿದ್ದು ಇಂಥ ಹಂಚಿಕೊಂಡ ಮೂಲಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ಹೆಂಡತಿ ಮಕ್ಕಳನ್ನು ಹಸಿವಿಗೆ ಬಿಟ್ಟು ಒಂದೇ ರಾತ್ರಿಯಲ್ಲಿ ವಿರಾಗಿಯಾಗಿ ಹೊರಟವನ ಆರಂಭ ಅವನ ಮಟ್ಟಿಗೆ ಎಷ್ಟೇ ಪ್ರಾಮಾಣಿಕವಾಗಿರಲಿ, ಅದರ ಬೆಲೆಯನ್ನು ಬೇರೆಯವರು ತೆತ್ತರೆಂಬುದನ್ನು ಧರ್ಮವಿಮರ್ಶಕನು ಮರೆಯಲಾಗದು.

ಆದುದರಿಂದ ಮೃದುವಾದ ಆರಂಭಗಳು ಹುಟ್ಟಿಕೊಂಡವು. ಅವುಗಳಲ್ಲಿ ನಮ್ಮ ಗಿರಣಿಗಳಲ್ಲಿಯೂ ತೋಟಗಳಲ್ಲಿಯೂ ಹೆಚ್ಚು ಪರಿಚಿತವಾದದ್ದು ಸ್ಟಾರ್-ಡೆಲ್ಟಾ. ಮೋಟಾರಿನ ಮೂರು ಸುರುಳಿಗಳನ್ನು ಮೊದಲು ಸ್ಟಾರ್ ಕ್ರಮದಲ್ಲಿ ಜೋಡಿಸಿದರೆ ಒಂದೊಂದಕ್ಕೂ ವೋಲ್ಟೇಜಿನ ನೂರಕ್ಕೆ 58 ಪಾಲು ಮಾತ್ರ ದೊರೆಯುತ್ತದೆ. ತಂತಿಯಿಂದ ಸೆಳೆಯುವ ಪ್ರವಾಹ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ವೇಗ ಏರಿದಮೇಲೆ ಡೆಲ್ಟಾ ಕ್ರಮಕ್ಕೆ ತಿರುಗಿಸಿ ಪೂರ್ಣಶಕ್ತಿಯನ್ನು ಕೊಡುತ್ತಾರೆ. ಆದರೆ ಮೂರರಲ್ಲೊಂದು ಪಾಲಿಗೆ ಇಳಿದುದು ಪ್ರವಾಹ ಮಾತ್ರವಲ್ಲ, ತಿರುಗುಬಲವೂ ಹೌದು. ಕವಾಟ ಮುಚ್ಚಿದ ಸೆಂಟ್ರಿಫ್ಯೂಗಲ್ ಪಂಪಿಗೆ ಅಷ್ಟು ಬಲ ಯಥೇಷ್ಟವಾಯಿತು, ಏಕೆಂದರೆ ಅದರ ವಿರೋಧ ವೇಗದೊಡನೆ ಬೆಳೆಯತಕ್ಕದ್ದು, ನಿಂತಾಗ ಬಹುಮಟ್ಟಿಗೆ ಇಲ್ಲದ್ದು. ಸರಕು ತುಂಬಿದ ಕನ್ವೇಯರಿಗೆ, ಕಲ್ಲು ತುಂಬಿದ ಕ್ರಷರಿಗೆ ಆ ಬಲ ಸಾಲದು. ಅಲ್ಲಿ ಮೋಟಾರು ಗುಂಯ್‌ಗುಡುತ್ತ ನಿಂತಲ್ಲಿಯೇ ನಿಲ್ಲುತ್ತದೆ, ಇಲ್ಲವೆ ಅರೆವೇಗದಲ್ಲಿ ತೊಳಲುತ್ತದೆ. ಕಾಲ ಮೀರಿದಾಗ ಡೆಲ್ಟಾಕ್ಕೆ ತಿರುಗಿಸಿದರೆ, ತಪ್ಪಿಸಬೇಕೆಂದಿದ್ದ ಆಘಾತವೇ ಕಾದ ಮೋಟಾರಿನ ಮೇಲೆ ಬಂದೆರಗುತ್ತದೆ. ಸ್ಟಾರಿನಿಂದ ಡೆಲ್ಟಾಕ್ಕೆ ಹಾಯುವ ಅಂತರಾಲವೂ ನಿರಪಾಯವಾದುದಲ್ಲ: ಸಾಮಾನ್ಯ ಸ್ಟಾರ್ಟರುಗಳಲ್ಲಿ ಆಗ ಕ್ಷಣಕಾಲ ವಿದ್ಯುತ್ತು ಕಡಿದುಹೋಗುತ್ತದೆ, ರೋಟರಿನಲ್ಲಿ ಉಳಿದಿರುವ ಕಾಂತತ್ವ ಮೂಲದೊಡನೆ ಶ್ರುತಿ ತಪ್ಪುತ್ತದೆ, ಮರಳಿ ಸೇರುವಾಗ ನೇರ ಆರಂಭದಲ್ಲಿಯೂ ಕಾಣದಷ್ಟು ತೀವ್ರವಾದ ಪ್ರವಾಹ ಒಮ್ಮೊಮ್ಮೆ ಚಿಮ್ಮುತ್ತದೆ. ಆಟೋ-ಟ್ರಾನ್ಸ್‌ಫಾರ್ಮರ್ ಸ್ಟಾರ್ಟರಿನಲ್ಲಿ 50, 65, 80 ಎಂಬ ಮೆಟ್ಟಿಲುಗಳಿಂದ ಭಾರಕ್ಕೆ ತಕ್ಕದ್ದನ್ನು ಆರಿಸಿಕೊಳ್ಳಬಹುದೆಂಬ ಅನುಕೂಲ ಉಂಟು; ಥೈರಿಸ್ಟರುಗಳ ಸಾಫ್ಟ್ ಸ್ಟಾರ್ಟರಿನಲ್ಲಿ ಮೆಟ್ಟಿಲುಗಳೂ ಇಲ್ಲದೆ ವೋಲ್ಟೇಜು ಇಳಿಜಾರಿನಂತೆ ಏರುತ್ತದೆ. ವೋಲ್ಟೇಜನ್ನು ತಗ್ಗಿಸಿ ಹೊರಡಿಸುವ ತತ್ತ್ವ ಮೂರಕ್ಕೂ ಒಂದೇ.

ಮೃದುತ್ವವು ಸ್ವತಃ ಒಂದು ಗುಣವೆಂದು ನಂಬಿದವರಿಗೆ ಈ ತತ್ತ್ವದಲ್ಲಿ ಅಡಗಿರುವ ಒಂದು ಸತ್ಯ ಆಶ್ಚರ್ಯವನ್ನು ಉಂಟುಮಾಡೀತು. ನಿಂತ ರೋಟರನ್ನೂ ಅದಕ್ಕೆ ಕಟ್ಟಿದ ಚಕ್ರವನ್ನೂ ಪೂರ್ಣವೇಗಕ್ಕೆ ಒಯ್ಯುವಷ್ಟರಲ್ಲಿ ರೋಟರಿನೊಳಗೆ ಹುಟ್ಟುವ ಉಷ್ಣವು, ಬೇರೆ ವಿರೋಧವೇನೂ ಇಲ್ಲದಿದ್ದಲ್ಲಿ, ಆ ತಿರುಗುವ ರಾಶಿ ಕೊನೆಗೆ ಪಡೆದುಕೊಳ್ಳುವ ಚಲನಶಕ್ತಿಗೆ ಸರಿಸಮನಾಗಿರುತ್ತದೆ. ಪೂರ್ಣ ವೋಲ್ಟೇಜಿನಿಂದ ಎರಡು ಸೆಕೆಂಡುಗಳಲ್ಲಿ ಏರಿಸಿರಿ, ಅರೆ ವೋಲ್ಟೇಜಿನಿಂದ ಎಂಟು ಸೆಕೆಂಡುಗಳಲ್ಲಿ ಏರಿಸಿರಿ, ಉಷ್ಣದ ಮೊತ್ತ ಬದಲಾಗದು. ಪಡೆದ ವೇಗವೆಷ್ಟೋ ತೆತ್ತ ತಾಪವೂ ಅಷ್ಟು. ಇನ್ನು ಭಾರದ ವಿರೋಧವೂ ಕೂಡಿಕೊಂಡರಂತೂ, ನಿಧಾನವಾಗಿ ಏರಿಸಿದಷ್ಟೂ ಉಷ್ಣ ಹೆಚ್ಚುತ್ತದೆ. ಮೆಲ್ಲಗೆ ಹೊರಟು ನೆರೆಯವರನ್ನು ಉಳಿಸಬಹುದು, ಬೆಲ್ಟನ್ನೂ ಗೇರನ್ನೂ ಉಳಿಸಬಹುದು. ತನಗೆ ಬರತಕ್ಕ ತಾಪವನ್ನು ಮಾತ್ರ ಕಾಲದ ಮೇಲೆ ಹರಡಿ ಕಡಿಮೆ ಮಾಡಿಕೊಳ್ಳಲಾಗದು. ತಪಸ್ಸೆಂದರೆ ಸುಡುವಿಕೆಯೆಂದು ತಿಳಿದಿದ್ದ ನಮ್ಮ ಋಷಿಗಳು ಇದನ್ನು ಕೇಳಿ ವಿಸ್ಮಯಪಡುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಬಿಡುತ್ತೇನೆಂದು ವ್ಯಸನವನ್ನು ವರ್ಷಗಟ್ಟಲೆ ಎಳೆದವನಿಗೂ ಇದು ಹೊಸ ಸುದ್ದಿಯಲ್ಲ.

ಈ ನಿಯಮಕ್ಕೆ ಎರಡು ಬಿಡುಗಡೆಗಳುಂಟು. ಎರಡೂ ನನಗೆ ಅತ್ಯಂತ ಪ್ರಿಯವಾದವು. ಮೊದಲನೆಯದು ಸ್ಲಿಪ್-ರಿಂಗ್ ಮೋಟಾರಿನದು. ಅಲ್ಲಿ ರೋಟರಿನ ಸುರುಳಿಗಳನ್ನು ಉಂಗುರಗಳ ಮೂಲಕ ಹೊರಕ್ಕೆ ತಂದು ಬೇರೊಂದು ರೋಧಕಕ್ಕೆ ಜೋಡಿಸುತ್ತಾರೆ. ದೊಡ್ಡ ಯಂತ್ರಗಳಲ್ಲಿ ಆ ರೋಧಕವು ಸೋಡ ಕರಗಿಸಿದ ನೀರಿನ ತೊಟ್ಟಿಯಾಗಿರುವುದೂ ಉಂಟು. ಉಷ್ಣ ಹುಟ್ಟದೆ ಇರುವುದಿಲ್ಲ. ಆದರೆ ಅದರ ಬಹುಭಾಗ ರೋಟರಿನೊಳಗೆ ಹುಟ್ಟದೆ ಹೊರಗಿನ ತೊಟ್ಟಿಯಲ್ಲಿ ಹುಟ್ಟುತ್ತದೆ. ಅಷ್ಟೇ ಅಲ್ಲ, ಆ ರೋಧಕವನ್ನು ಸರಿಯಾಗಿ ಅಳವಡಿಸಿದರೆ ಮೋಟಾರು ತನ್ನ ಗರಿಷ್ಠ ತಿರುಗುಬಲವನ್ನು ನಿಂತ ಸ್ಥಿತಿಯಲ್ಲಿಯೇ ತೋರಬಲ್ಲುದು, ಅದೂ ಕಡಿಮೆ ಪ್ರವಾಹದಿಂದ. ಅದಿರನ್ನು ಅರೆಯುವ ಗಿರಣಿಗಳಂಥ ಹೊರಡಲೊಲ್ಲದ ಭಾರಗಳಿಗೆ ಇದಕ್ಕಿಂತ ವಿಶ್ವಾಸಾರ್ಹವಾದ ಕ್ರಮ ಬಹುಕಾಲ ಇರಲಿಲ್ಲ. ಶಿಷ್ಯನ ತಾಪವನ್ನು ತಾನು ಹೊತ್ತು, ಅವನಲ್ಲಿ ಇಲ್ಲವೆಂದುಕೊಂಡಿದ್ದ ಬಲವನ್ನು ಮೊದಲ ಹೆಜ್ಜೆಯಲ್ಲಿಯೇ ಹೊರಡಿಸಿ, ಅವನ ವೇಗ ಏರಿದಂತೆ ಮೆಟ್ಟಿಲು ಮೆಟ್ಟಿಲಾಗಿ ತಾನು ಹಿಂದೆ ಸರಿಯುವ ಗುರುವಿನ ಲಕ್ಷಣವನ್ನು ನಾನು ಗ್ರಂಥಗಳಲ್ಲಿ ಓದಿದ್ದೇನೆ. ಯಂತ್ರದಲ್ಲಿ ಕಂಡುದು ಇಲ್ಲಿಯೇ.

ಎರಡನೆಯ ಬಿಡುಗಡೆ ಇತ್ತೀಚಿನದು. ವೋಲ್ಟೇಜನ್ನು ತಗ್ಗಿಸಿದರೂ ಇತರ ಸ್ಟಾರ್ಟರುಗಳಲ್ಲಿ ಕಾಂತಕ್ಷೇತ್ರ ಮೊದಲ ಕ್ಷಣದಿಂದಲೂ 1500 ಸುತ್ತಿನ ವೇಗದಲ್ಲಿಯೇ ತಿರುಗುತ್ತಿರುತ್ತದೆ. ಆವರ್ತನವನ್ನೇ ಬದಲಿಸುವ ಡ್ರೈವಿನಲ್ಲಿ, ಅಂದರೆ ವಿ.ಎಫ್.ಡಿ.ಯಲ್ಲಿ, ಆ ಕ್ಷೇತ್ರವೇ ಮೊದಲು ನಿಧಾನವಾಗಿ ತಿರುಗಿ, ರೋಟರು ಹಿಂಬಾಲಿಸಿ ಬಂದಂತೆಲ್ಲ ತಾನೂ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಗುರಿಯನ್ನು ಎರಡು ಸಮಮೆಟ್ಟಿಲುಗಳಾಗಿ ಒಡೆದರೆ ರೋಟರಿನ ಉಷ್ಣ ಅರ್ಧಕ್ಕೆ ಇಳಿಯುತ್ತದೆ. ನೂರಾಗಿ ಒಡೆದರೆ ತತ್ತ್ವತಃ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ನಿಯತಪ್ರವಾಹದಲ್ಲಿಯೇ ಪೂರ್ಣ ತಿರುಗುಬಲ ದೊರೆಯುತ್ತದೆ. ಕಾಲವನ್ನು ಹಿಗ್ಗಿಸಿದ್ದರಿಂದ ಕಡಿಮೆಯಾಗದ ತಾಪ, ಗುರಿಯು ತಾನಾಗಿ ಇಳಿದುಬಂದುದರಿಂದ ಕಡಿಮೆಯಾಯಿತು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಭಗವಂತನ ಗುಣಗಳಲ್ಲಿ ಸೌಲಭ್ಯಕ್ಕೆ ಅಷ್ಟೊಂದು ಗೌರವವನ್ನು ಏಕೆ ಕೊಟ್ಟರೆಂಬುದು ಈ ಯಂತ್ರದ ಮುಂದೆ ನಿಂತಾಗ ನನಗೆ ಹೆಚ್ಚು ನಿಚ್ಚಳವಾಗುತ್ತದೆ. ಪರತತ್ತ್ವವು ಪರವಾಗಿಯೇ ಉಳಿದರೆ ಜೀವನು ಎಷ್ಟು ಮೆಲ್ಲಗೆ ನಡೆದರೂ ಬೇಯುವುದು ತಪ್ಪದು. ಅದು ಅರ್ಚಾಮೂರ್ತಿಯಾಗಿ, ಅವತಾರವಾಗಿ ಅವನ ನಡಿಗೆಗೆ ತನ್ನ ನಡಿಗೆಯನ್ನು ಹೊಂದಿಸಿಕೊಂಡರೆ ಆರಂಭದ ಸ್ವರೂಪವೇ ಬೇರೆಯಾಗುತ್ತದೆ.

ಹೀಗೆಂದು ಎಲ್ಲ ಮೋಟಾರುಗಳಿಗೂ ಮೃದುವಾದ ಏರಿಕೆಯನ್ನೇ ವಿಧಿಸಬಹುದೆ? ಕೋಲಾರ ಚಿಕ್ಕಬಳ್ಳಾಪುರಗಳ ಕಡೆಯ ಆಳವಾದ ಕೊಳವೆಬಾವಿಗಳಲ್ಲಿ ಮುಳುಗಿ ದುಡಿಯುವ ಸಬ್ಮರ್ಸಿಬಲ್ ಮೋಟಾರು ಇದಕ್ಕೆ ಬೇಡವೆಂಬ ಉತ್ತರವನ್ನು ಕೊಡುತ್ತದೆ. ಅದರ ತಳದಲ್ಲಿ ಇಡೀ ಭಾರವನ್ನು ಹೊರುವ ಥ್ರಸ್ಟ್ ಬೇರಿಂಗಿನ ಫಲಕಗಳ ನಡುವೆ ಅವುಗಳನ್ನು ಒಂದಕ್ಕೊಂದು ತಾಗದಂತೆ ಕಾಪಾಡುವುದು ತೆಳುವಾದ ನೀರಿನ ಪೊರೆ. ಆ ಪೊರೆ ವೇಗದಿಂದಲೇ ಹುಟ್ಟತಕ್ಕದ್ದು. ಅರ್ಧದಷ್ಟು ವೇಗವನ್ನು ಒಂದೆರಡು ಸೆಕೆಂಡುಗಳಲ್ಲಿ ಮುಟ್ಟದೆ ಮೆಲ್ಲಮೆಲ್ಲಗೆ ಏರಿಸಿದರೆ ಫಲಕಗಳು ಉಜ್ಜಿಕೊಂಡು ಸವೆಯುತ್ತವೆ. ದಯೆಯೆಂದುಕೊಂಡು ಕೊಟ್ಟ ನಿಧಾನವೇ ಅದಕ್ಕೆ ಹಿಂಸೆ. ಕೆಲವು ಜೀವಗಳೂ ಹೀಗೆಯೇ. ಅರೆಮನಸ್ಸಿನ ಪ್ರಾರಂಭ ಅವರನ್ನು ಒಳಗೊಳಗೇ ತಿಂದುಹಾಕುತ್ತದೆ, ಒಮ್ಮೆಗೆ ಧುಮುಕುವುದರಲ್ಲಿಯೇ ಅವರ ರಕ್ಷಣೆ ಇರುತ್ತದೆ.

ಈಗ ಅಧಿಕಾರದ ಪ್ರಶ್ನೆಗೆ ಬರಬಹುದು. ಬ್ರಹ್ಮಜಿಜ್ಞಾಸೆಗೆ ತೊಡಗುವ ಮೊದಲು ವಿವೇಕ, ವೈರಾಗ್ಯ, ಶಮಾದಿಗಳು, ಮುಮುಕ್ಷುತ್ವ ಎಂಬ ನಾಲ್ಕು ಸಾಧನಗಳಿರಬೇಕೆಂದು ಶಂಕರಾಚಾರ್ಯರು ನಿಯಮಿಸಿದರು. ಉಡುಪಿಯ ಮಧ್ವಾಚಾರ್ಯರು ಅಧಿಕಾರಿಗಳಲ್ಲಿ ಮಂದ, ಮಧ್ಯಮ, ಉತ್ತಮರೆಂಬ ತಾರತಮ್ಯವನ್ನು ಕಂಡರು. ಒಬ್ಬೊಬ್ಬನ ಸ್ಥಿತಿ ಒಂದೊಂದು ಬಗೆಯೆಂಬ ಈ ಕಾಣ್ಕೆ ನಿಜವಾದುದು, ಆಳವಾದುದು. ಅದನ್ನು ಅಲ್ಲಗಳೆಯುವವನು ಕ್ರಷರಿಗೂ ಪಂಪಿಗೂ ಒಂದೇ ಸ್ಟಾರ್ಟರನ್ನು ಹಾಕುವವನು. ಆದರೆ ಈ ಆಚಾರ್ಯರು ವ್ಯಾಖ್ಯಾನಿಸಿದ ಬ್ರಹ್ಮಸೂತ್ರದ ಪರಂಪರೆಯಲ್ಲಿಯೇ ಶೂದ್ರನಿಗೆ ವೇದವಿದ್ಯೆಯಲ್ಲಿ ಅಧಿಕಾರವಿಲ್ಲವೆಂದು ಸಾಧಿಸುವ ಅಧಿಕರಣವೂ ಇದೆ. ಹೇಗೆ ಆರಂಭಿಸಬೇಕೆಂಬ ವಿಚಾರವು ಆರಂಭಿಸಬಹುದೆ ಎಂಬ ವಿಚಾರವಾಗಿ ಅಲ್ಲಿ ಹೊರಳಿತು. ಆ ಹೊರಳಿಕೆಯ ಫಲವನ್ನು ಈ ದೇಶದ ಕೋಟಿ ಕೋಟಿ ಜನ ಶತಮಾನಗಳ ಕಾಲ ಉಂಡರು. ಇದನ್ನು ಮೃದುವಾದ ಮಾತುಗಳಿಂದ ಮುಚ್ಚಿಡುವುದು ನನಗೆ ಸಾಧ್ಯವಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮೊದಲಾದ ಕಾಯಕಜೀವಿಗಳು ಬಸವಣ್ಣನವರೊಡನೆ ಸರಿಸಮನಾಗಿ ಕುಳಿತು ತತ್ತ್ವವಿಚಾರ ಮಾಡಿದಾಗ ಆ ಅಗುಳಿ ಮುರಿಯಿತು. ಮುರಿದವರು ತಾರತಮ್ಯವನ್ನೂ ಕೂಡ ಮುರಿದರೆಂದು ಭಾವಿಸಬಾರದು: ಭಕ್ತನಿಂದ ಐಕ್ಯದವರೆಗಿನ ಆರು ಸ್ಥಲಗಳ ಕ್ರಮವನ್ನು ಅವರು ಉಳಿಸಿಕೊಂಡರು, ಬೆಳೆಸಿದರು. ಮೆಟ್ಟಿಲುಗಳು ಇದ್ದವು, ಮೊದಲ ಮೆಟ್ಟಿಲಿನಲ್ಲಿ ಕಾವಲುಗಾರನಿರಲಿಲ್ಲ.

ಸ್ಟಾರ್ಟರನ್ನು ಆರಿಸುವ ಎಂಜಿನಿಯರನು ಅನುಸರಿಸುವುದು ಈ ಶರಣಮಾರ್ಗವನ್ನೇ. ಯಾವ ಮೋಟಾರನ್ನೂ ಅವನು ತಿರುಗಲು ಅನರ್ಹವೆಂದು ತಳ್ಳಿಹಾಕುವುದಿಲ್ಲ. ಅವನು ಕೇಳುವ ಪ್ರಶ್ನೆಗಳೆಲ್ಲವೂ ಆ ಮೋಟಾರು ಹೊರಡಲೇಬೇಕೆಂಬ ನಿಶ್ಚಯದ ಒಳಗೆ ಹುಟ್ಟಿದವು: ಇದಕ್ಕೆ ಕಟ್ಟಿರುವ ಭಾರ ಯಾವ ಸ್ವಭಾವದ್ದು, ನಿಂತಾಗಲೇ ಎದುರಿಸುವುದೋ ವೇಗ ಏರಿದಮೇಲೆ ಎದುರಿಸುವುದೋ, ಶಕ್ತಿಯ ಮೂಲ ಎಷ್ಟು ಗಟ್ಟಿಯಾದುದು, ಅದನ್ನು ಹಂಚಿಕೊಂಡವರು ಯಾರು, ದಿನಕ್ಕೆ ಎಷ್ಟು ಬಾರಿ ಹೊರಡಬೇಕು. ಮೋಟಾರಿನ ಹೆಸರುಫಲಕವನ್ನೂ ಅವನು ನೋಡುತ್ತಾನೆ, ನಿಜ. ಆದರೆ ಅದರಿಂದ ಮಾತ್ರ ನಿರ್ಣಯಿಸುವುದಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ, ಒಂದೇ ಅಶ್ವಶಕ್ತಿಯ ಎರಡು ಮೋಟಾರುಗಳಿಗೆ, ಒಂದು ಪಂಪಿಗೂ ಒಂದು ಕ್ರಷರಿಗೂ ಬಿಗಿಯಲ್ಪಟ್ಟಿದ್ದರೆ, ಅವನು ಎರಡು ಬೇರೆ ಸ್ಟಾರ್ಟರುಗಳನ್ನು ಕೊಡುತ್ತಾನೆ. ಅಧಿಕಾರಭೇದಕ್ಕೆ ಕಾರಣ ಹುಟ್ಟಲ್ಲ, ಹೊತ್ತ ಹೊರೆ. ಡ್ರೈವಿನ ವಿಷಯವನ್ನು ಬಿಟ್ಟರೆ, ಪೂರ್ಣವೇಗಕ್ಕೆ ಬಂದ ಮೇಲೆ ಸ್ಟಾರ್ಟರುಗಳೆಲ್ಲವೂ ನಡುವಿನಿಂದ ಸರಿದು ಮೋಟಾರನ್ನು ಮೂಲದೊಡನೆ ನೇರವಾಗಿ ಕೂಡಿಸುತ್ತವೆ. ಆಗ ತಿರುಗುತ್ತಿರುವ ಅಚ್ಚನ್ನು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರೂ ಅದು ಯಾವ ಬಗೆಯಲ್ಲಿ ಹೊರಟಿತೆಂಬುದು ತಿಳಿಯದು. ದೀಕ್ಷೆಯ ಪ್ರಭೇದಗಳನ್ನು ಜೀವಮಾನವೆಲ್ಲ ಹಣೆಯ ಮೇಲೆ ಹೊತ್ತು ತಿರುಗುವವರಿಗೆ ಇದು ವಿಚಾರಯೋಗ್ಯವಾದ ಸಂಗತಿ.

ಒಂದು ವಿಷಯ ಉಳಿಯಿತು. ದೊಡ್ಡ ಮೋಟಾರುಗಳಿಗೆ ತಣ್ಣಗಿರುವಾಗ ಒಂದರ ಹಿಂದೊಂದರಂತೆ ಎರಡು ಬಾರಿ, ಓಡಿ ಕಾದಿರುವಾಗ ಒಂದೇ ಬಾರಿ ಹೊರಡಲು ಅನುಮತಿ ಕೊಡುವುದು ವಾಡಿಕೆ. ಅನಂತರ ಅವು ಆರುವವರೆಗೆ ಕಾಯಬೇಕು. ಹೊರಟು ವಿಫಲವಾದ ಮೋಟಾರು ಎಂದೂ ಹೊರಡದ ಮೋಟಾರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ, ಏಕೆಂದರೆ ಹಿಂದಿನ ಪ್ರಯತ್ನದ ತಾಪವನ್ನು ಅದು ಇನ್ನೂ ಹೊತ್ತಿರುತ್ತದೆ. ವ್ರತಭಂಗವಾದ ಶಿಷ್ಯನನ್ನು ಮರುದಿನವೇ ಮತ್ತೆ ವ್ರತಕ್ಕೆ ಕೂರಿಸದೆ ಕೆಲಕಾಲ ಸುಮ್ಮನಿರಿಸುವ ಗುರುವಿನ ನಡತೆಯನ್ನು ಶಿಕ್ಷೆಯೆಂದು ತಿಳಿದವರುಂಟು. ಅದು ಶಿಕ್ಷೆಯಲ್ಲ, ಆರೈಕೆ. ಆ ವಿರಾಮದಲ್ಲಿ ಮಾಡತಕ್ಕ ಕೆಲಸವೂ ಒಂದುಂಟು. ಕ್ರಷರಿನ ದವಡೆಯಲ್ಲಿ ಕಲ್ಲು ಸಿಕ್ಕಿಕೊಂಡು ಮೋಟಾರು ನಿಂತಿದ್ದರೆ, ಮೂರನೆಯ ಬಾರಿ ಗುಂಡಿಯನ್ನು ಒತ್ತುವ ಮೊದಲು ವಿದ್ಯುತ್ತನ್ನು ಪೂರ್ತಿಯಾಗಿ ಕಡಿದು, ಹಾರೆಕೋಲನ್ನು ತೆಗೆದುಕೊಂಡು, ಆ ಕಲ್ಲುಗಳನ್ನು ಒಂದೊಂದಾಗಿ ಹೊರಕ್ಕೆ ತೆಗೆಯಬೇಕು. ಅನುಭವಸ್ಥನಾದ ಕೆಲಸಗಾರನು ಇದನ್ನು ಯಾರೂ ಹೇಳದೆಯೇ ಮಾಡುತ್ತಾನೆ, ಮತ್ತು ಅದು ಮುಗಿಯುವ ಹೊತ್ತಿಗೆ ಮೋಟಾರೂ ಆರಿರುತ್ತದೆ.